ಮೂವತ್ತಕ್ಕೆ ಅರ್ಧ ಎಷ್ಟು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ ‘ಕೃತಕ ಬುದ್ಧಿಮತ್ತೆ ಮತ್ತು ನಾಳಿನ ಉದ್ಯೋಗಗಳು’ ಎಂದು ಅಚ್ಚಾಗಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನನ್ನು ಕರೆದರೆ ಇದನ್ನೇ ಮಾತಾಡಲಿ ಎಂದು ಸಂಘಟಕರು ಬಯಸುವುದು ಸಹಜ. ಆದರೆ ಆ ವಿಷಯ ನಿಮಗೆ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ನಾನು ಇವತ್ತು ಅದಕ್ಕಿಂತ ಬಹಳ ಸಣ್ಣ ವಿಷಯ ಎತ್ತಿಕೊಳ್ಳುತ್ತೇನೆ. ಒಂದನೇ, ಎರಡನೇ ತರಗತಿಯ ಮಗುವಿಗೆ ಎರಡುಪಟ್ಟು ಮಾಡುವುದನ್ನು ಮತ್ತು ಅರ್ಧ ಮಾಡುವುದನ್ನು ಹೇಗೆ ಕಲಿಸಬೇಕು ಎಂಬುದು ನನ್ನ ವಿಷಯ. ಹೈಸ್ಕೂಲಿನ ವೇದಿಕೆಯಲ್ಲಿ ಒಂದನೇ ತರಗತಿಯ ಮಾತು ಯಾಕೆ ಎಂದು ಕೇಳಬಹುದು. ಅದಕ್ಕೆ ಕಾರಣವಿದೆ.

ಕಳೆದ ಜೂನ್ ತಿಂಗಳಲ್ಲಿ ಊರಿಗೆ ಬಂದಿದ್ದಾಗ ಇಲ್ಲೇ ಆಸುಪಾಸಿನ ಒಂದು ಶಾಲೆಯಲ್ಲಿ ಎಂಟನೇ ತರಗತಿಯ ಸೇತುಬಂಧ ನಡೆಯುತ್ತಿತ್ತು. ಪರಿಚಯದ ಶಿಕ್ಷಕರೊಬ್ಬರು ಒಳಗೆ ಕರೆದು ಕೂಡಿಸಿದರು. ಒಬ್ಬ ಹುಡುಗಿ ಎದ್ದು ನಿಂತು ಹದಿನೈದರ ಮಗ್ಗಿಯನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಹದಿನೈದೊಂದ್ಲೆ ಹದಿನೈದು, ಹದಿನೈದೆರಡ್ಲೆ ಮೂವತ್ತು, ಹೀಗೆ ನೂರೈವತ್ತರ ತನಕ ಎಲ್ಲೂ ತಡವರಿಸಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಶಿಕ್ಷಕರು ಸುಮ್ಮನೆ ಕೇಳಿದರು: “ಮೂವತ್ತಕ್ಕ ಅರ್ಧ ಎಷ್ಟವ್ವಾ?” ಹುಡುಗಿ ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದಳು: “ಮೂವತ್ತಕ್ಕ ಅರ್ಧ ಬರಂಗಿಲ್ರಿ ಸರ್. ಮೂರು ಬೆಸ ಸಂಖ್ಯೆ ಅದ.”

ಕೆಲವರು ನಕ್ಕರು. ಆದರೆ ಆ ಹುಡುಗಿ ದಡ್ಡಿಯಲ್ಲ. ಬೆಸ ಸಂಖ್ಯೆ ಸರಿಯಾಗಿ ಎರಡು ಪಾಲಾಗುವುದಿಲ್ಲ ಎಂಬುದನ್ನು ಆಕೆ ಸರಿಯಾಗಿಯೇ ಕಲಿತಿದ್ದಾಳೆ. ಮೂವತ್ತರಲ್ಲಿ ಕಣ್ಣಿಗೆ ಬಿದ್ದದ್ದು ಮೂರು, ಮೂರು ಬೆಸ, ಆದ್ದರಿಂದ ಅರ್ಧ ಇಲ್ಲ. ತರ್ಕ ಚೊಕ್ಕವಾಗಿಯೇ ಇದೆ. ಇಲ್ಲದ್ದು ಒಂದೇ: ಆ ಮೂರು ಎಂದರೆ ಮೂರು ಹತ್ತಿನ ಕಟ್ಟು, ಒಂದು ಕಟ್ಟನ್ನು ಬಿಚ್ಚಿದರೆ ಅದರೊಳಗೆ ಎರಡು ಐದು ಇವೆ ಎಂಬ ಕೈಯ ಅನುಭವ. ಹದಿನೈದೆರಡ್ಲೆ ಮೂವತ್ತು ಎಂದು ಒಂದು ನಿಮಿಷದ ಹಿಂದೆ ಆಕೆಯ ಬಾಯಿಯೇ ಹೇಳಿತ್ತು. ಬಾಯಿ ಹೇಳಿದ್ದು ಕೈಗೆ ಮುಟ್ಟಿರಲಿಲ್ಲ. ಈಗ ಇದೇ ಹುಡುಗಿಗೆ ಭಿನ್ನರಾಶಿ, ಶೇಕಡಾ, ಬೀಜಗಣಿತ ಕಲಿಸಬೇಕು. ಇನ್ನು ಎರಡು ವರ್ಷಕ್ಕೆ ಆಕೆ ಎಸ್.ಎಸ್.ಎಲ್.ಸಿ. ಬರೆಯುತ್ತಾಳೆ.

2025ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೆ ಕೊನೆಯ ಸ್ಥಾನ ಪಡೆದದ್ದು ಇಲ್ಲಿರುವ ಎಲ್ಲರಿಗೂ ಗೊತ್ತು. ಶೇಕಡಾ 42.43. ನೂರಕ್ಕೆ ಅರ್ಧವೂ ಇಲ್ಲ. ಆಗ ಎಲ್ಲರ ಬೆರಳೂ ಹತ್ತನೇ ತರಗತಿಯ ಶಿಕ್ಷಕರ ಕಡೆಗೇ ತಿರುಗಿತು. ಬೆಳಗಿನ ವಿಶೇಷ ತರಗತಿ, ರಾತ್ರಿ ಶಾಲೆ, ಪಾಸಿಂಗ್ ಪ್ಯಾಕೇಜು. ಇವೆಲ್ಲ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಗೋಡೆಯ ಮೇಲ್ಭಾಗದಲ್ಲಿ ಬಿರುಕು ಕಂಡಿತೆಂದು ಅಲ್ಲಿಗೇ ಸಿಮೆಂಟು ಮೆತ್ತಿದರೆ ಆಗುವುದಿಲ್ಲ, ಬುನಾದಿ ನೋಡಬೇಕು ಎಂಬುದು ಈ ಕಪ್ಪು ಮಣ್ಣಿನಲ್ಲಿ ಮನೆ ಕಟ್ಟಿದ ನಿಮಗೆ ನಾನು ಹೇಳಿಕೊಡಬೇಕಾದ್ದಿಲ್ಲ.

ನಮ್ಮ ಮುತ್ಯಾ ನಿಜಾಮರ ಕಾಲದಲ್ಲಿ ನಾಲ್ಕನೇ ಇಯತ್ತೆ ತನಕ ಓದಿದವರು. ಅದೂ ಉರ್ದು ಶಾಲೆ. ಆದರೆ ಅವರಿಗೆ ಅರ್ಧದ ಲೆಕ್ಕ ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತಿತ್ತು. ಇದರಲ್ಲಿ ಮುತ್ಯಾನ ಬುದ್ಧಿವಂತಿಕೆ ಎಷ್ಟು, ಆ ಕಾಲದ ಬಜಾರಿನ ಪಾಲು ಎಷ್ಟು ಎಂದು ನಾನು ಆಮೇಲೆ ಯೋಚಿಸಿದ್ದೇನೆ. ಆಗಿನ ರೂಪಾಯಿಗೆ ಹದಿನಾರು ಆಣೆ. ಅರ್ಧ ಮಾಡಿದರೆ ಎಂಟಾಣೆ, ಮತ್ತೆ ಅರ್ಧ ಮಾಡಿದರೆ ಚಾರಾಣೆ, ಮತ್ತೆ ಎರಡಾಣೆ, ಮತ್ತೆ ಒಂದಾಣೆ. ಸೇರಿಗೂ ಹದಿನಾರು ಛಟಾಕು. ಸೇರು, ಅರ್ಧ ಸೇರು, ಪಾವ್ ಸೇರು, ಅದರರ್ಧ, ಆಮೇಲೆ ಛಟಾಕು. ನಾಲ್ಕು ಸಲ ಅರ್ಧ ಮಾಡಿದರೆ ಹದಿನಾರು ಒಂದಕ್ಕೆ ಬಂದು ಮುಟ್ಟುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಕನ್ನಡದ ಹಳೆಯ ಲೆಕ್ಕದಲ್ಲಿ ಪಣದ ಕಾಲುಭಾಗಕ್ಕೆ ಹಾಗ ಎಂದೂ, ಹದಿನಾರನೆಯ ಒಂದು ಭಾಗಕ್ಕೆ ವೀಸ ಎಂದೂ ಹೆಸರೇ ಇತ್ತು. ಉಪ್ಪು ತರಲು ಅಂಗಡಿಗೆ ಹೋದ ಹುಡುಗ ದಿನಕ್ಕೆ ಹತ್ತು ಸಲ ಅರ್ಧ ಮಾಡಿ, ಹತ್ತು ಸಲ ಎರಡುಪಟ್ಟು ಮಾಡಿ ಮನೆಗೆ ಬರುತ್ತಿದ್ದ. ಯಾರೂ ಪಾಠ ಮಾಡಬೇಕಾಗಿರಲಿಲ್ಲ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ರೂಪಾಯಿಗೆ ನೂರು ಪೈಸೆ ಆಯಿತು. ಒಳ್ಳೆಯದೇ ಆಯಿತು, ಆಣೆಯ ಕಾಲಕ್ಕೆ ತಿರುಗಿ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಆದರೂ ಜನ ಐವತ್ತು ಪೈಸೆಗೆ ಎಂಟಾಣೆ, ಇಪ್ಪತ್ತೈದು ಪೈಸೆಗೆ ಚಾರಾಣೆ ಎನ್ನುವುದನ್ನು ಬಿಡಲಿಲ್ಲ. ನನ್ನ ವಯಸ್ಸಿನವರ ಬಾಲ್ಯದಲ್ಲಿ ಚಾರಾಣೆಗೆ ಪೆಪ್ಪರ್‌ಮಿಂಟು ಸಿಗುತ್ತಿತ್ತು. 2011ರ ಜೂನ್ 30ರಿಂದ ಆ ಇಪ್ಪತ್ತೈದು ಪೈಸೆಯೂ ಚಲಾವಣೆಯಿಂದ ಹೋಯಿತು. ಐವತ್ತು ಪೈಸೆ ಕಾಗದದ ಮೇಲೆ ಇದೆ, ಅಂಗಡಿಯಲ್ಲಿ ಇಲ್ಲ. ಈಗಂತೂ ಫೋನ್‌ಪೇ. ಅಂಗಡಿಯ ಡಬ್ಬಿಯೇ “ಇಪ್ಪತ್ತು ರೂಪಾಯಿ ಬಂದಿದೆ” ಎಂದು ಕೂಗುತ್ತದೆ. ಮಗುವಿನ ಕೈಗೆ ಚಿಲ್ಲರೆಯೇ ಬರುವುದಿಲ್ಲ. ಬಜಾರು ಪುಕ್ಕಟೆಯಾಗಿ ಕಲಿಸುತ್ತಿದ್ದುದನ್ನು ಈಗ ಶಾಲೆ ಬೇಕೆಂದೇ ಕಲಿಸಬೇಕಾಗಿದೆ. ಆದರೆ ಶಾಲೆಗೆ, ಮಗು ಇದನ್ನು ಮನೆಯಿಂದಲೇ ತಂದಿರುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ.

ಹಿಂದಿನವರು ಬಾಯಿಪಾಠಕ್ಕೂ ಇದನ್ನು ಬಿಟ್ಟಿರಲಿಲ್ಲ. ಗಡಿಯಾಚೆ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮರಾಠಿ ಶಾಲೆಗಳಲ್ಲಿ ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದೀಡಕಿ ಎಂದು ಬೇರೆ ಬೇರೆ ಮಗ್ಗಿಗಳೇ ಇದ್ದವು. ನಿಮಕಿ ಎಂದರೆ ಅರ್ಧದ ಮಗ್ಗಿ. ಮೂರೂವರೆಗೂ ಒಂದು ಮಗ್ಗಿ ಇತ್ತು, ಅದಕ್ಕೆ ಔಟಕಿ ಎನ್ನುತ್ತಾರೆ. ನಮ್ಮ ಕಲಬುರಗಿಯ ಮಾತಿನಲ್ಲಿ ಇವತ್ತಿಗೂ ದೀಡ್ ನೂರು, ಅಡೀಚ್ ನೂರು, ಪಾವ್ ಕಿಲೋ ಉಳಿದುಕೊಂಡಿವೆ. ಕಣ್ಣಿ ಮಾರ್ಕೆಟಿನಲ್ಲಿ ಬೆಳ್ಳುಳ್ಳಿ ಮಾರುವ ತಾಯಿ “ಪಾವ್ ಕಿಲೋಕ್ಕ ನಲವತ್ತು” ಎಂದಾಗ ಅರ್ಧ ಕಿಲೋಕ್ಕೆ ಎಂಬತ್ತು, ಕಿಲೋಕ್ಕೆ ನೂರಾ ಅರವತ್ತು ಎಂದು ತಿಳಿಯಲು ಎರಡು ಸಲ ಎರಡುಪಟ್ಟು ಮಾಡಿದರೆ ಮುಗಿಯಿತು. ಬಿ.ಇ. ಓದಿದವರು ಅಲ್ಲಿ ಮೊಬೈಲು ತೆಗೆದು ಕ್ಯಾಲ್ಕ್ಯುಲೇಟರ್ ಹುಡುಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಲ್ಲೊಂದು ಸ್ವಾರಸ್ಯದ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ನಮ್ಮಿಂದ ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಎಂಟು ಪರಿಕರ್ಮಗಳು: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಆಮೇಲೆ ಶ್ರೇಢಿಗಳ ಸಂಕಲಿತ, ವ್ಯುತ್ಕಲಿತ. ಸಾದಾ ಕೂಡುವುದನ್ನೂ ಕಳೆಯುವುದನ್ನೂ ಆತ ಪಟ್ಟಿಯಲ್ಲೇ ಸೇರಿಸುವುದಿಲ್ಲ. ಅದೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಹಿಂದೂ ಅಂಕಿಗಳ ಲೆಕ್ಕವನ್ನು ಅರಬ್ಬಿಯಲ್ಲಿ ಬರೆದಾಗ ಎರಡುಪಟ್ಟು ಮಾಡುವುದನ್ನೂ ಅರ್ಧ ಮಾಡುವುದನ್ನೂ ಬೇರೆ ಬೇರೆ ಕ್ರಿಯೆಗಳೆಂದು ತೆಗೆದುಕೊಂಡು ಕಲಿಸಿದ. ಯುರೋಪಿನ ಲೆಕ್ಕದ ಪುಸ್ತಕಗಳು ಮುಂದೆ ಎಷ್ಟೋ ಕಾಲ ಅದನ್ನೇ ಅನುಸರಿಸಿದವು. ನಮ್ಮ ಮಳಖೇಡದ ಆಚಾರ್ಯ, ಇಷ್ಟು ಬಾರದವನು ನನ್ನ ಹತ್ತಿರ ಬರುವುದೇ ಬೇಡ ಎಂದುಕೊಂಡಿರಬೇಕು ಎಂದು ನನಗೆ ತಮಾಷೆಯಾಗಿ ಅನಿಸುತ್ತದೆ. ಪಂಡಿತರಿಗೆ ಮಹಾವೀರನೇ ಸರಿ. ಒಂದನೇ ತರಗತಿಗೆ ನಾನು ಬಾಗ್ದಾದಿನವನ ಕಡೆ.

ಈ ದಸರೆಯ ರಜೆಯಲ್ಲಿ ಹನ್ನೆರಡು ದಿನ ಅಕ್ಕನ ಮನೆಯ ಕಟ್ಟೆಯ ಮೇಲೆ ಸಂಜೆ ಒಂದು ತಾಸು ಮಕ್ಕಳನ್ನು ಕೂಡಿಸಿಕೊಂಡೆ. ಅಕ್ಕನ ಮಕ್ಕಳಿಬ್ಬರು, ಓಣಿಯ ಒಂಬತ್ತು ಮಂದಿ, ಐದರಿಂದ ಎಂಟು ವರ್ಷದವರು. ನಾನು ಶಿಕ್ಷಕನಲ್ಲ, ಡಿ.ಎಡ್. ಮಾಡಿದವನೂ ಅಲ್ಲ. ಮಕ್ಕಳು ಮಾಮಾ ಮಾಮಾ ಎನ್ನುತ್ತ ಬಂದರು, ಅಷ್ಟೇ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಇಲ್ಲಿರುವ ಪ್ರಾಥಮಿಕ ಶಾಲೆಯ ಶಿಕ್ಷಕಿಯರಿಗೆ ಇದರಲ್ಲಿ ಎಷ್ಟೋ ಹಳೆಯದೇ ಇರಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಕಾಳು, ಕಡ್ಡಿ, ಮಣಿಗಳಿಂದ ಕಲಿಸುವುದು ಇದ್ದೇ ಇದೆ.

ಮೊದಲನೇ ದಿನ ನಾನು “ಐದನ್ನ ಡಬಲ್ ಮಾಡ್ರಿ” ಎಂದೆ. ಒಬ್ಬ ಹುಡುಗ ಪಾಟಿಯ ಮೇಲೆ 55 ಎಂದು ಬರೆದ. ಐದನ್ನು ಎರಡು ಸಲ ಬರೆದರೆ ಡಬಲ್ ಆಗಲಿಲ್ಲವೇ? “ಎಂಟರ ಅರ್ಧ” ಎಂದರೆ ಇನ್ನೊಬ್ಬಳು 8ರ ನಡುವೆ ಅಡ್ಡ ಗೆರೆ ಎಳೆದು “ಸೊನ್ನಿ” ಎಂದಳು. ಮಗುವಿಗೆ ಅಂಕಿಯೇ ವಸ್ತು. ಅಂಕಿಯ ಹಿಂದೆ ಎಷ್ಟು ಎನ್ನುವ ಮೊತ್ತ ಇದೆ ಎಂಬುದು ಇನ್ನೂ ಗಟ್ಟಿಯಾಗಿಲ್ಲ. ಹಾಗಾಗಿ ಪಾಟಿಯನ್ನು ಮೂರು ದಿನ ಪಕ್ಕಕ್ಕಿಟ್ಟೆ.

ಅಕ್ಕನ ಮನೆಯಲ್ಲಿ ಸಾಮಾನು ಏನು ಬೇಕಾದರೂ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ತೊಗರಿ. ನಮ್ಮ ಜಿಲ್ಲೆ ತೊಗರಿಯ ಕಣಜ, 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಕಮಲಾಪುರದ ಕೆಂಪು ಬಾಳೆಗೂ ಸಿಕ್ಕಿದೆ. ಬಾಳೆ ನಾಲ್ಕನೇ ದಿನಕ್ಕೆ ಉಳಿಯುವುದಿಲ್ಲ, ಅದರಲ್ಲೂ ಹನ್ನೊಂದು ಮಕ್ಕಳ ನಡುವೆ. ತೊಗರಿ ಉಳಿಯುತ್ತದೆ. ಪ್ರತಿ ಮಗುವಿನ ಮುಂದೆ ನಾಲ್ಕು ಕಾಳು ಇಟ್ಟು ಪಕ್ಕದಲ್ಲಿ ಒಂದು ಸಣ್ಣ ಕನ್ನಡಿ ನಿಲ್ಲಿಸಿದೆ. ಕನ್ನಡಿಯೊಳಗೆ ನಾಲ್ಕು, ಹೊರಗೆ ನಾಲ್ಕು. ಒಟ್ಟು ಎಷ್ಟು ಎಂದು ಒಂದೊಂದಾಗಿ ಎಣಿಸಿ ಎಂಟು ಎಂದರು. ಒಂದು ಕಾಳು ಹೆಚ್ಚು ಇಟ್ಟರೆ ಎಣಿಕೆಯಲ್ಲಿ ಎರಡು ಹೆಚ್ಚಾಗುತ್ತದೆ ಎಂಬುದನ್ನು ಒಬ್ಬಳು ತಾನೇ ಕಂಡುಹಿಡಿದು ಕಿರುಚಿದಳು: “ಮಾಮಾ, ನಾ ಒಂದ್ ಇಟ್ರ ಎರಡು ಬರ್ಲಿಕತ್ತಾವ!” ಎರಡರ ಮಗ್ಗಿಯ ಗುಟ್ಟೆಲ್ಲ ಆ ಒಂದು ಕಿರುಚಿನಲ್ಲಿ ಇದೆ. ನಾನು ಅದನ್ನು ಹೇಳಿಕೊಟ್ಟಿದ್ದರೆ ಆಕೆ ಕಿರುಚುತ್ತಿರಲಿಲ್ಲ.

ಅರ್ಧ ಮಾಡುವುದಕ್ಕೆ ಕನ್ನಡಿ ಬೇಡ, ಹಂಚುವುದು ಸಾಕು. ನಿನಗೊಂದು ನನಗೊಂದು. ಈ ಆಟದಲ್ಲಿ ಮಕ್ಕಳಿಗೆ ಸಮಾನತೆಯ ಅರಿವು ನಮಗಿಂತ ಚುರುಕು, ಒಂದು ಕಾಳು ಕಡಿಮೆ ಬಿದ್ದರೂ ಬಿಡುವುದಿಲ್ಲ. ಆದರೆ ರೊಟ್ಟಿ ಹರಿದು ಕೊಟ್ಟರೆ ಮಾತ್ರ “ನಂಗ ದೊಡ್ಡ ಅರ್ಧ ಬೇಕು” ಎನ್ನುತ್ತಾರೆ. ದೊಡ್ಡ ಅರ್ಧ ಎಂಬುದು ಇಲ್ಲ, ಎರಡೂ ಸಮ ಇದ್ದರೆ ಮಾತ್ರ ಅದು ಅರ್ಧ ಎನ್ನುವುದನ್ನು ಬಾಯಿಯಿಂದ ಎಷ್ಟು ಹೇಳಿದರೂ ಹತ್ತಲಿಲ್ಲ. ಕೊನೆಗೆ ಒಬ್ಬ ಹರಿಯಬೇಕು, ಇನ್ನೊಬ್ಬ ಮೊದಲು ಆರಿಸಿಕೊಳ್ಳಬೇಕು ಎಂದು ನಿಯಮ ಮಾಡಿದೆ. ಮರುಕ್ಷಣದಿಂದ ರೊಟ್ಟಿ ಹರಿಯುವವನ ಕೈ ಅಕ್ಕಸಾಲಿಗನ ಕೈಯಾಯಿತು.

ನಾಲ್ಕನೇ ದಿನ ಬೆಸ ಸಂಖ್ಯೆ. ಏಳು ರೊಟ್ಟಿ ಇಬ್ಬರಿಗೆ ಹಂಚಿ ಎಂದರೆ ಮೂರು ಮೂರು ಕೊಟ್ಟು ಉಳಿದದ್ದನ್ನು ಹರಿದರು, ಮೂರೂವರೆ. ಹಾಗಾದರೆ ಏಳು ಆಡು? ಮೂರೂವರೆ ಆಡು ಎಂದ ಒಬ್ಬ. ಉಳಿದವರು ಹೋ ಎಂದು ನಕ್ಕರು. ಒಂದು ಸಣ್ಣ ಹುಡುಗಿ, ಅವರಪ್ಪ ಆಡು ಮೇಯಿಸುತ್ತಾನೆ, ಬಹಳ ಗಂಭೀರವಾಗಿ ಹೇಳಿದಳು: “ಉಳಿದ ಆಡು ಮಾರಿ ರೊಕ್ಕ ಹಂಚ್ಕೋಬೇಕು.” ಅರ್ಧ ಆಗುವ ವಸ್ತು ಯಾವುದು, ಆಗದ ವಸ್ತು ಯಾವುದು, ಆಗದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಆಮೇಲೆ ಬೇಳೆಗೆ ಬಂದೆವು. ಐದು ತೊಗರಿ ಕಾಳು ನೆನೆಸಿ ಸಿಪ್ಪೆ ತೆಗೆದು ಒಡೆದರೆ ಹತ್ತು ಬೇಳೆ. ಹತ್ತು ಬೇಳೆಯನ್ನು ಜೋಡಿಸಿದರೆ ಐದು ಕಾಳು. ಒಡೆದಾಗ ಎಣಿಕೆ ಎರಡುಪಟ್ಟು, ಜೋಡಿಸಿದಾಗ ಅರ್ಧ. ಅಕ್ಕನ ಮಗ, ಏಳು ವರ್ಷದವನು, ಬಹಳ ಹೊತ್ತು ನೋಡಿ ಕೇಳಿದ: “ಬೇಳಿ ಎಣಿಸಿದ್ರ ಹತ್ತು, ಕಾಳು ಎಣಿಸಿದ್ರ ಐದು. ಖರೇ ಎಷ್ಟದ ಮಾಮಾ?” ಹೆಚ್ಚಾದದ್ದು ಏನೂ ಇಲ್ಲ, ತುಂಡು ಹೆಚ್ಚಾಯಿತು, ತುಂಡು ಸಣ್ಣದಾಯಿತು. ಹತ್ತು ಅರ್ಧಗಳು ಸೇರಿದರೆ ಐದು ಪೂರ್ಣ. ಐದನೇ ತರಗತಿಯಲ್ಲಿ ಭಿನ್ನರಾಶಿ ಎಂದು ಹೆದರಿಸುವ ಪಾಠದ ಮೊದಲ ಪುಟ ಅಲ್ಲಿ ಕಟ್ಟೆಯ ಮೇಲೆ ಬಿದ್ದಿತ್ತು. ದಾಲ್ ಮಿಲ್ಲಿನಲ್ಲಿ ದಿನವೆಲ್ಲ ಇದೇ ನಡೆಯುತ್ತದೆ. ಇಲ್ಲಿರುವ ಎಷ್ಟೋ ಮಕ್ಕಳ ತಂದೆ ತಾಯಂದಿರು ಅಲ್ಲಿಗೇ ಕೆಲಸಕ್ಕೆ ಹೋಗುತ್ತಾರೆ.

ಕಲಿಸುವಾಗ ಎರಡನ್ನೂ ಜೊತೆಗೇ ಕಲಿಸಬೇಕು ಎಂಬುದು ನನಗೆ ಸ್ಪಷ್ಟವಾಯಿತು. ಆರರ ಎರಡುಪಟ್ಟು ಹನ್ನೆರಡು ಎಂದ ತಕ್ಷಣ, ಉಸಿರು ಬಿಡುವ ಮೊದಲು, ಹನ್ನೆರಡರ ಅರ್ಧ ಕೇಳಬೇಕು. ಜೂನ್‌ನಲ್ಲಿ ಕಂಡ ಆ ಹುಡುಗಿಗೆ ಮಗ್ಗಿ ಏರುವ ದಾರಿ ಗೊತ್ತಿತ್ತು, ಇಳಿಯುವ ದಾರಿ ಗೊತ್ತಿರಲಿಲ್ಲ. ಭಾವಿಗೆ ಇಳಿಯುವ ಮೆಟ್ಟಿಲೂ ಅದೇ, ಏರುವ ಮೆಟ್ಟಿಲೂ ಅದೇ.

ಒಂದರಿಂದ ಹತ್ತರ ತನಕ ಎರಡುಪಟ್ಟು, ಎರಡರಿಂದ ಇಪ್ಪತ್ತರ ತನಕ ಸರಿ ಸಂಖ್ಯೆಗಳ ಅರ್ಧ ಎಣಿಸದೆ ಬಾಯಿಗೆ ಬರುವ ತನಕ ಮುಂದೆ ಹೋಗಬಾರದು. ಇದಕ್ಕೆ ಅವಸರ ಬೇಡ. ಬಂದ ಮೇಲೆ ನೋಡಿ. ಆರು ಏಳು ಕೂಡಿಸು ಎಂದರೆ ಬೆರಳು ಎಣಿಸುವುದಿಲ್ಲ, ಆರಾರು ಹನ್ನೆರಡು, ಇನ್ನೊಂದು ಹದಿಮೂರು. ಹದಿನಾರರ ಎರಡುಪಟ್ಟು ಬೇಕಾದರೆ ಹತ್ತಕ್ಕೆ ಇಪ್ಪತ್ತು, ಆರಕ್ಕೆ ಹನ್ನೆರಡು, ಮೂವತ್ತೆರಡು. ಮೂವತ್ತಾರರ ಅರ್ಧ ಬೇಕಾದರೆ ಮೂವತ್ತಕ್ಕೆ ಹದಿನೈದು, ಆರಕ್ಕೆ ಮೂರು, ಹದಿನೆಂಟು. ಆದರೆ ಈ ಮೂವತ್ತಕ್ಕೆ ಹದಿನೈದು ಎನ್ನುವಲ್ಲೇ ಮಕ್ಕಳು ಮುಗ್ಗರಿಸುತ್ತಾರೆ. ಇದಕ್ಕೆ ಒಂದು ಇಡೀ ಸಂಜೆ ಕೊಟ್ಟೆ. ಜೋಳದ ಕಡ್ಡಿಯ ಹತ್ತತ್ತರ ಮೂರು ಕಟ್ಟು. ಇಬ್ಬರಿಗೂ ಒಂದೊಂದು ಕಟ್ಟು ಕೊಟ್ಟ ಮೇಲೆ ಮೂರನೆಯ ಕಟ್ಟು ನಡುವೆ ಉಳಿಯುತ್ತದೆ. ಮಕ್ಕಳು ಅದನ್ನು ನೋಡುತ್ತ ಕೂತರು. ನಾನು ಏನೂ ಹೇಳಲಿಲ್ಲ. ಎರಡು ಮೂರು ನಿಮಿಷ ಸುಮ್ಮನಿರುವುದು ಕಲಿಸುವವನಿಗೆ ಬಹಳ ಕಷ್ಟದ ಕೆಲಸ. ಕೊನೆಗೆ ಒಬ್ಬ ದಾರ ಬಿಚ್ಚಿದ. ಐದೈದು. ಆ ದಾರ ಬಿಚ್ಚುವ ಕೆಲಸವನ್ನು ಮಗುವೇ ಮಾಡಬೇಕು. ಬೋರ್ಡಿನ ಮೇಲೆ ನಾವು ಬಿಚ್ಚಿ ತೋರಿಸಿದರೆ ಆಗುವುದಿಲ್ಲ. ಐವತ್ತು, ಎಪ್ಪತ್ತು, ತೊಂಬತ್ತು ಎಲ್ಲಕ್ಕೂ ಒಂದೇ ದಾರ.

ಮುಂದಿನ ಮಗ್ಗಿಗಳು ಬಹಳ ಮಟ್ಟಿಗೆ ಪುಕ್ಕಟೆ ಬರುತ್ತವೆ. ನಾಲ್ಕರ ಮಗ್ಗಿ ಎಂದರೆ ಎರಡರ ಎರಡುಪಟ್ಟು, ಎಂಟರದು ನಾಲ್ಕರ ಎರಡುಪಟ್ಟು. ಐದರದು ಹತ್ತರ ಅರ್ಧ. ಏಳರ ಮಗ್ಗಿ ಮಾತ್ರ ಯಾರ ಮಾತೂ ಕೇಳುವುದಿಲ್ಲ, ಅದನ್ನು ಬಾಯಿಪಾಠ ಮಾಡಿಸಿ. ಬಾಯಿಪಾಠದ ವಿರೋಧಿ ನಾನಲ್ಲ. ಕೈಗೆ ಗೊತ್ತಾದ ಮೇಲೆ ಬಾಯಿಪಾಠ ಮಾಡಿದರೆ ಅದು ಸಾಯುವ ತನಕ ಇರುತ್ತದೆ.

ದೊಡ್ಡ ಮಕ್ಕಳಿಗೆ, ಅಂದರೆ ಈ ಜಮಖಾನೆಯ ಮೇಲಿನವರಿಗೆ, ಒಂದು ಹಳೆಯ ವಿದ್ಯೆ ತೋರಿಸುತ್ತೇನೆ. ಈಜಿಪ್ಟಿನವರು ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ಗುಣಾಕಾರವನ್ನು ಬರೀ ಎರಡುಪಟ್ಟು ಮಾಡಿ ಮುಗಿಸುತ್ತಿದ್ದರು. ಅದರ ತಂಗಿಯಂಥ ಇನ್ನೊಂದು ರೀತಿ ಹೀಗಿದೆ. ಹದಿಮೂರೇಳ್ಲೆ ಎಷ್ಟು? ಎಡಗಡೆ ಹದಿಮೂರನ್ನು ಅರ್ಧ ಮಾಡುತ್ತ ಬನ್ನಿ, ಉಳಿದದ್ದನ್ನು ಬಿಟ್ಟುಬಿಡಿ: 13, 6, 3, 1. ಬಲಗಡೆ ಏಳನ್ನು ಎರಡುಪಟ್ಟು ಮಾಡುತ್ತ ಬನ್ನಿ: 7, 14, 28, 56. ಎಡಗಡೆ ಸರಿ ಸಂಖ್ಯೆ ಇರುವ ಸಾಲನ್ನು ಹೊಡೆದು ಹಾಕಿ. ಆರು ಸರಿ, ಅದರ ಎದುರಿನ ಹದಿನಾಲ್ಕು ಹೋಯಿತು. ಉಳಿದ 7, 28, 56 ಕೂಡಿಸಿ. ತೊಂಬತ್ತೊಂದು. ಹದಿಮೂರರ ಮಗ್ಗಿ ಬಾರದವನೂ ಹದಿಮೂರೇಳ್ಲೆ ಹೇಳಿದ ಹಾಗಾಯಿತು. ಯಾಕೆ ಸರಿ ಬರುತ್ತದೆ ಎಂಬುದನ್ನು ಊಟದ ನಂತರ ನಿಮ್ಮ ಗಣಿತ ಸರ್ ಹತ್ತಿರ ಜಗಳ ತೆಗೆದು ಕೇಳಿ. ಒಂದು ಸುಳಿವು ಕೊಡುತ್ತೇನೆ, ಹದಿಮೂರು ಎಂದರೆ ಎಂಟು, ನಾಲ್ಕು, ಒಂದು.

ಕಂಪ್ಯೂಟರು ಒಳಗೆ ಮಾಡುವುದೂ ಹೆಚ್ಚುಕಡಿಮೆ ಇದೇ. ಅದರ ಹತ್ತಿರ ಇರುವುದು ಸೊನ್ನೆ ಮತ್ತು ಒಂದು ಮಾತ್ರ. ನಾವು ಸಂಖ್ಯೆಯ ಬಲಕ್ಕೆ ಸೊನ್ನೆ ಹಾಕಿದರೆ ಹತ್ತುಪಟ್ಟು ಆಗುತ್ತದೆ, ಅದು ಹಾಕಿದರೆ ಎರಡುಪಟ್ಟು. ಬಲತುದಿಯ ಅಂಕಿ ಕಿತ್ತರೆ ಅರ್ಧ. ಅದಕ್ಕೇ ನಿಮ್ಮ ಮೊಬೈಲುಗಳು 32, 64, 128, 256 ಜಿಬಿ ಎಂದು ಬರುವುದು. ಅಂಗಡಿಯಲ್ಲಿ 100 ಜಿಬಿ ಫೋನು ಯಾಕಿಲ್ಲ ಎಂದು ಯಾರಾದರೂ ಕೇಳಿದ್ದೀರಾ? 512ರ ಅರ್ಧ ಎಷ್ಟು ಎಂದರೆ ಪಾಟಿ ನೋಡುವ ಹುಡುಗನೇ ಫೋನಿನ ಡಬ್ಬಿ ಎಂದರೆ ಥಟ್ಟನೆ ಹೇಳುತ್ತಾನೆ. ಆಣೆ, ಛಟಾಕಿನ ಹದಿನಾರನ್ನೂ ನಮ್ಮ ಕಸುಬಿನವರು ಇನ್ನೂ ಬಿಟ್ಟಿಲ್ಲ, ಮುತ್ಯಾ ಇದ್ದಿದ್ದರೆ ಖುಷಿಪಡುತ್ತಿದ್ದರು.

ಅರ್ಧ ಮಾಡುವುದರ ಶಕ್ತಿ ಎಷ್ಟು ಎಂದು ತೋರಿಸಲು ಕಟ್ಟೆಯ ಮೇಲೆ ಒಂದು ಆಟ ಆಡಿಸಿದೆ. ನಾನು ಒಂದರಿಂದ ನೂರರೊಳಗೆ ಒಂದು ಸಂಖ್ಯೆ ನೆನೆಸುತ್ತೇನೆ, ನೀವು ಕೇಳಿ, ನಾನು ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತೇನೆ. ಮೊದಮೊದಲು ಏಳಾ, ಹನ್ನೊಂದಾ ಎಂದು ಕಣ್ಣು ಮುಚ್ಚಿ ಕಲ್ಲು ಎಸೆದರು. ಮೂರನೇ ಸಂಜೆಗೆ ಎಂಟು ವರ್ಷದ ಒಬ್ಬಳು “ಐವತ್ತಕ್ಕಿಂತ ದೊಡ್ಡದಾ?” ಎಂದಳು. ಆಮೇಲೆ “ಇಪ್ಪತ್ತೈದಕ್ಕಿಂತ?” ಪ್ರತಿ ಪ್ರಶ್ನೆಗೆ ಅರ್ಧ ಸಂಖ್ಯೆಗಳು ಹೊರಗೆ ಹೋಗುತ್ತವೆ. ಹೀಗೆ ಕೇಳಿದರೆ ನೂರರೊಳಗಿನ ಯಾವ ಸಂಖ್ಯೆಯೂ ಏಳು ಪ್ರಶ್ನೆಗೆ ಸಿಕ್ಕಿಬೀಳುತ್ತದೆ, ಸಾವಿರದೊಳಗಿನದು ಹತ್ತಕ್ಕೆ. ಲಕ್ಷಾಂತರ ಹೆಸರುಗಳ ಪಟ್ಟಿಯಲ್ಲಿ ಒಂದು ಹೆಸರು ಹುಡುಕಲು ನಾವು ಆಫೀಸಿನಲ್ಲಿ ಬರೆಯುವ ಪ್ರೋಗ್ರಾಮು ಮಾಡುವುದೂ ಆ ಹುಡುಗಿ ಮಾಡಿದ್ದನ್ನೇ. ನಾನು ಅದನ್ನು ಬಿ.ಇ. ಎರಡನೇ ವರ್ಷದಲ್ಲಿ ಕಲಿತೆ.

ಒಂದು ಮಾತು ಭಾಷೆಯ ಬಗ್ಗೆ. ಪುಸ್ತಕದಲ್ಲಿ ದ್ವಿಗುಣ, ಇಮ್ಮಡಿ ಎಂದಿರುತ್ತದೆ. ಇಮ್ಮಡಿ ಎಂದರೆ ನಮ್ಮ ಮಕ್ಕಳಿಗೆ ಪುಲಕೇಶಿ. ಕಾಲು ಭಾಗ ಎಂದರೆ ಒಬ್ಬ ತನ್ನ ಕಾಲು ನೋಡಿಕೊಂಡ. ಓಣಿಯ ಆ ಒಂಬತ್ತರಲ್ಲಿ ನಾಲ್ವರ ಮನೆಮಾತು ಉರ್ದು, ಅವರಿಗೆ ಆಧಾ, ಪಾವ್, ದೇಢ್ ಮನೆಯಲ್ಲೇ ಗೊತ್ತು. ಕನ್ನಡದವರಿಗೂ ಪಾವ್, ದೀಡ್ ಗೊತ್ತು. ಹಾಗಾದರೆ ಅಲ್ಲಿಂದಲೇ ಶುರು ಮಾಡಿ, ಪುಸ್ತಕದ ಪದ ಎರಡು ತಿಂಗಳು ಬಿಟ್ಟು ಬರಲಿ. ಪದ ಮೊದಲು, ಅರ್ಥ ಆಮೇಲೆ ಎನ್ನುವ ಕ್ರಮದಿಂದ ನಮ್ಮ ಕಡೆಯ ಮಕ್ಕಳಿಗೆ ಬಹಳ ಪೆಟ್ಟು ಬಿದ್ದಿದೆ.

ಇನ್ನು ರೊಕ್ಕದ ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸ್ಮಾರ್ಟ್ ಬೋರ್ಡು, ಕಂಪ್ಯೂಟರ್ ಕೋಣೆ ಮಾಡಿಸೋಣ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಚರ್ಚೆಯಾಗಿದೆ. ನನ್ನ ಪಾಲನ್ನೂ ಕೊಡುತ್ತೇನೆ. ಆದರೆ ಕಂಪ್ಯೂಟರಿನಿಂದಲೇ ಹೊಟ್ಟೆ ಹೊರೆಯುವವನಾಗಿ ಹೇಳುತ್ತೇನೆ, ಮೂವತ್ತರ ಅರ್ಧ ಬಾರದ ಮಗುವಿಗೆ ಆ ಬೋರ್ಡಿನಿಂದ ಆಗುವುದು ಕಡಿಮೆ. ಬೋರ್ಡಿಗೆ ಇಟ್ಟ ಮೊತ್ತದ ಅರ್ಧ, ಅರ್ಧವಾಗದಿದ್ದರೆ ಪಾವ್, ಊರಿನ ಪ್ರಾಥಮಿಕ ಶಾಲೆ ಮತ್ತು ಅಂಗನವಾಡಿಗೆ ಹೋಗಲಿ. ದೊಡ್ಡ ಸಾಮಾನು ಏನೂ ಬೇಡ. ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ಎಷ್ಟೋ ಶಾಲೆಗಳಲ್ಲಿ ಇದ್ದೇ ಇದೆ, ಕಪಾಟಿನಿಂದ ಹೊರಗೆ ಬರಬೇಕು ಅಷ್ಟೇ. ಬೇಕಾಗಿರುವುದು ವಾರಕ್ಕೆ ಎರಡು ದಿನ ಸಂಜೆ ಒಂದು ತಾಸು ಮಕ್ಕಳ ಜೊತೆ ಕೂಡುವ ಒಬ್ಬರು, ಅವರಿಗೆ ಒಂದಿಷ್ಟು ಗೌರವಧನ. ಡಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ನಮ್ಮದೇ ಶಾಲೆಯ ಹೆಣ್ಣುಮಕ್ಕಳು ಊರಿನಲ್ಲಿ ಇದ್ದಾರೆ. ಮೂರು ವರ್ಷ ಹೀಗೆ ನಡೆಸಿ, ಆ ಮಕ್ಕಳು ಎಂಟನೇ ತರಗತಿಗೆ ಇದೇ ಕಟ್ಟಡಕ್ಕೆ ಬಂದಾಗ ಸೇತುಬಂಧದಲ್ಲಿ ಕೇಳಿ ನೋಡೋಣ. ಮೊದಲ ವರ್ಷದ ಗೌರವಧನ ಒಬ್ಬರಿಗೆ ನಾನು ಕೊಡುತ್ತೇನೆ ಎಂದು ಮುಖ್ಯಗುರುಗಳಿಗೆ ಈಗಾಗಲೇ ಹೇಳಿದ್ದೇನೆ. ಇನ್ನೊಬ್ಬರು ಕೈ ಎತ್ತಿದರೆ ಎರಡುಪಟ್ಟು ಆಗುತ್ತದೆ.

ತಾಯಂದಿರು ಇದಕ್ಕೆಲ್ಲ ಕಾಯಬೇಕಾಗಿಲ್ಲ. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತ ಮಗುವಿಗೆ “ಇದರರ್ಧ ತಮ್ಮಗ ಕೊಡು, ಅದರರ್ಧ ಬೆಕ್ಕಿಗಿ ಹಾಕು, ನಿನಗೆಷ್ಟು ಉಳೀತು?” ಎಂದು ಕೇಳಿ ಸಾಕು. ಅಕ್ಷರ ಬಾರದ ತಾಯಿಯೂ ಇದನ್ನು ಕೇಳಬಹುದು. ತಪ್ಪು ಹೇಳಿದರೆ ಬೈಯಬೇಡಿ, ರೊಟ್ಟಿ ಮುಂದಿಟ್ಟು ಹರಿಯಲು ಹೇಳಿ.

ವೇದಿಕೆಯ ಎಡಗಡೆ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕ, ಅಕ್ಕನ ಮನೆಯಿಂದ ತಂದ ಒಂದು ಚೀಲ ತೊಗರಿ ಇದೆ, ಜೊತೆಗೆ ಐವತ್ತು ಸಣ್ಣ ಕನ್ನಡಿ. ಪ್ರಾಥಮಿಕ ಶಾಲೆಯ ಶಿಕ್ಷಕಿಯರು, ಅಂಗನವಾಡಿಯ ಕಾರ್ಯಕರ್ತೆಯರು ಊಟಕ್ಕೆ ಹೋಗುವ ಮೊದಲು ಎರಡೆರಡು ಬೊಗಸೆ ತೊಗರಿ, ಐದೈದು ಕನ್ನಡಿ ತೆಗೆದುಕೊಂಡು ಹೋಗಿ. ಮಕ್ಕಳೇ, ನೀವು ಮುಟ್ಟಬೇಡಿ, ನಿಮಗೆ ಕೆಂಪು ಬಾಳೆಹಣ್ಣು ಬೇರೆ ಇದೆ. ಇಬ್ಬರಿಗೆ ಒಂದರಂತೆ ಬಂದಿದೆ ಎಂದು ಈಗ ತಾನೇ ಹೇಳಿದರು. ಒಬ್ಬರು ಮುರಿಯಿರಿ, ಇನ್ನೊಬ್ಬರು ಆರಿಸಿಕೊಳ್ಳಿ.